ಪ್ರಶ್ನೆ ಚಿಹ್ನೆಯಾದ ಕವಯಿತ್ರಿ

ಸಂಚಿಕೆ ಸಿದ್ಧವಾಗುವ ವಾರಾಂತ್ಯ ನಾವು ಸಂಪಾದಕರು ಮಾಡುವುದರಲ್ಲಿ ಸಾಹಿತ್ಯ ಕಡಿಮೆ, ಗುಮಾಸ್ತಿಕೆ ಹೆಚ್ಚು. ಪ್ರತಿ ಬರಹದ ಕೆಳಗೂ ಲೇಖಕರ ಹೆಸರು, ಎರಡು ಸಾಲಿನ ಪರಿಚಯ. ಹೋದ ತಿಂಗಳು ಹಾಕಿದ್ದನ್ನೇ ಈ ತಿಂಗಳೂ ಅಂಟಿಸಬೇಕು. ಇಂಥ ಕೆಲಸಕ್ಕೆಂದೇ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮ್ಯಾಕ್ರೋ ಇದೆ. ಮಾಡಬೇಕಾದ್ದನ್ನು ಒಮ್ಮೆ ಬರೆದಿಟ್ಟರೆ ಆಮೇಲೆ ಒಂದೆರಡು ಕೀಲಿ ಒತ್ತಿದರೆ ಸಾಕು.

ನಮ್ಮಲ್ಲಿ ಅರ್ಧ ಜನ ಸಾಫ್ಟ್‌ವೇರಿನವರು; ಉತ್ಸಾಹಕ್ಕೆ ಕೊರತೆಯೇ? ಮ್ಯಾಕ್ರೋ ಬರೆಯುವ ವಿಬಿಎ ಕಿಟಕಿಯಲ್ಲಿ ಪರಿಚಯಗಳನ್ನು ಅಂಟಿಸಿ, ತಿರುಗಿ ನೋಡದೆ ಮುಚ್ಚಿದೆವು. ಸಂಚಿಕೆ ಹೋಯಿತು. ಹಿರಿಯ ಕವಯಿತ್ರಿಯೊಬ್ಬರ ಹೆಸರಿರಬೇಕಾದಲ್ಲಿ ಬರೀ ಪ್ರಶ್ನೆ ಚಿಹ್ನೆಗಳ ಸಾಲು! "ಇಷ್ಟು ವರ್ಷ ಬರೆದ ಮೇಲೂ ನಾನ್ಯಾರು ಅಂತ ಕೇಳ್ತೀರೇನ್ರಪ್ಪಾ?" ಎಂದು ಅವರು ಫೋನಿನಲ್ಲಿ ನಕ್ಕರು. ನಮಗೆ ನಗು ಬರಲಿಲ್ಲ.

ಕಾರಣ ಇಷ್ಟೇ. ವರ್ಡ್‌ನ ಪುಟಕ್ಕೆ ಯೂನಿಕೋಡ್ ಗೊತ್ತು, ವಿಬಿಎ ಕಿಟಕಿಗೆ ಗೊತ್ತಿಲ್ಲ. ಅದು ಇನ್ನೂ ಹಳೆಯ ಕೋಡ್‌ಪೇಜ್ ಪದ್ಧತಿಯಲ್ಲೇ ನಿಂತಿದೆ. ಆ ಪದ್ಧತಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ತನಗೆ ತಿಳಿಯದ ಪ್ರತಿ ಅಕ್ಷರಕ್ಕೂ ಅದು ಒಂದು ಪ್ರಶ್ನೆ ಚಿಹ್ನೆ ಇಡುತ್ತದೆ.

ಅಕ್ಷರಗಳ ಬದಲು ಅವುಗಳ ಯೂನಿಕೋಡ್ ಸಂಖ್ಯೆಗಳನ್ನು ಕೊಡಬಹುದು. 'ಕನ್ನಡ' ಎಂಬುದು ಕಣ್ಣಿಗೆ ಮೂರಕ್ಷರ, ಯಂತ್ರಕ್ಕೆ ಐದು ಸಂಖ್ಯೆ: 3221, 3240, 3277, 3240, 3233. ನಡುವಿನ 3277 ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ, ಅಂದರೆ ಹಲಂತ. ಹೀಗೆ ಒಂದು ಹೆಸರು ಬರೆಯಬಹುದು. ಎರಡು ಸಾಲಿನ ಪರಿಚಯ ಬರೆಯಹೊರಟವರಿಗೆ ದೇವರೇ ಗತಿ.

ಸುಲಭದ ದಾರಿ ಬೇರೆ. ಪ್ರತಿ ಲೇಖಕರ ಪರಿಚಯವನ್ನೂ ಒಂದೊಂದು ವರ್ಡ್ ಕಡತವಾಗಿ ಉಳಿಸಿ, ಆ ಕಡತವನ್ನು ತಂದು ಸೇರಿಸು ಎಂದಷ್ಟೇ ಮ್ಯಾಕ್ರೋಗೆ ಹೇಳುವುದು. ಕನ್ನಡ ವಿಬಿಎ ಕಿಟಕಿಯೊಳಗೆ ಕಾಲಿಡುವುದೇ ಇಲ್ಲ. ಕಡತದ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಏಕೆಂದರೆ ಅದನ್ನು ಆ ಕಿಟಕಿಯಲ್ಲೇ ಬರೆಯಬೇಕು. ಪರಿಚಯ ತಿದ್ದಬೇಕಾದವರು ಮ್ಯಾಕ್ರೋ ಮುಟ್ಟಬೇಕಾಗಿಲ್ಲ. ಈಗ ಆ ಕವಯಿತ್ರಿ ತಮ್ಮದನ್ನು ತಾವೇ ತಿದ್ದಿ ಕಳಿಸುತ್ತಾರೆ. ಮ್ಯಾಕ್ರೋ ತಂಟೆಯೇ ಬೇಡ ಎನ್ನುವವರು ಪರಿಚಯವನ್ನು ಆಯ್ದು ಆಲ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿ ಒಂದು ಅಡ್ಡಹೆಸರು ಕೊಡಿ. ಮುಂದೆ ಆ ಹೆಸರು ಟೈಪಿಸಿ ಎಫ್3 ಒತ್ತಿದರೆ ಪೂರ್ತಿ ಪಾಠ ಬರುತ್ತದೆ.

ನಮ್ಮ ಮ್ಯಾಕ್ರೋ ಬೇಕೆಂದು ಕೇಳಿದ ಮಿತ್ರರಿಗೆ ಒಂದು ಮಾತು. 1999ರಲ್ಲಿ ಮೆಲಿಸ್ಸಾ ವೈರಸ್ ಈಮೇಲ್‌ಗಳಲ್ಲಿ ಹಬ್ಬಿದ್ದು ವರ್ಡ್ ಮ್ಯಾಕ್ರೋ ಆಗಿಯೇ. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಆದ್ದರಿಂದ ಕಡತ ಕಳಿಸುವುದಿಲ್ಲ. ಮ್ಯಾಕ್ರೋದ ಸಾಲುಗಳನ್ನು ಈಮೇಲ್‌ನಲ್ಲೇ ಬರೆದು ಕಳಿಸುತ್ತೇವೆ, ನೀವೇ ಅಂಟಿಸಿಕೊಳ್ಳಿ.