ಹೊಲವಿಲ್ಲದವರ ಅಹವಾಲು

ಕಲ್ಯಾಣನಗರದ ನಮ್ಮ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಹಲವು ತಾರಸಿಗಳ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರಗಳು ಕಾಣುತ್ತವೆ. ಹೊಗೆಯಿಲ್ಲದೆ, ಕಾಡು ಕಡಿಯದೆ ನಾಡಿನ ಸಂಪತ್ತನ್ನು ಬೆಳೆಸುವ ಇಂಥ ಕ್ರಮಕ್ಕೆ ‘ಹಸುರು ಆರ್ಥಿಕತೆ’ ಎಂದು ಹೆಸರಿಟ್ಟಿದ್ದಾರೆ. ಹೆಸರೇನೋ ಚೆಲುವಾಗಿದೆ. ಆದರೆ ತಾರಸಿಯ ಬಿಸಿಲಿಗೂ ಬಯಲಿನ ಬಿಸಿಲಿಗೂ ಒಂದು ಭೇದವುಂಟು. ತಾರಸಿಗೆ ಒಬ್ಬನೇ ಯಜಮಾನ; ಬಯಲನ್ನು ನಂಬಿ ಇಡೀ ಊರು ಬದುಕಿರುತ್ತದೆ. ಹಾಗಾದರೆ ಬಯಲಿನಲ್ಲಿ ಕೆಲಸ ಹೂಡುವ ಮುನ್ನ ಯಾರನ್ನು ಕೇಳಬೇಕು?

ಇದಕ್ಕೆ ಕಾನೂನಿನಲ್ಲಿ ಒಂದು ಉತ್ತರವಿದೆ. ಕೇಂದ್ರ ಸರ್ಕಾರವು 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಅಧಿಸೂಚನೆಯ ಪ್ರಕಾರ, ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆ ಮೊದಲಾದವಕ್ಕೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯತಕ್ಕದ್ದು. ಕನಿಷ್ಠ 30 ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಸಾರಾಂಶ ಜನರ ಭಾಷೆಯಲ್ಲಿ ದೊರೆಯಬೇಕು. (ಸರ್ಕಾರಿ ಪ್ರಕಟಣೆಗಳ ಕನ್ನಡವು ಜನರ ಭಾಷೆ ಹೌದೋ ಅಲ್ಲವೋ ಎಂಬುದನ್ನು ಕನ್ನಡ ವಿಭಾಗದ ಗುರುಗಳು ತೀರ್ಮಾನಿಸಲಿ.) ಸಭೆ ಯೋಜನೆಯ ಸ್ಥಳದಲ್ಲೋ ಅದರ ಸಮೀಪದಲ್ಲೋ ಸೇರಬೇಕು, ಜಿಲ್ಲಾಧಿಕಾರಿಗಳು ಇಲ್ಲವೆ ಅಪರ ಜಿಲ್ಲಾಧಿಕಾರಿಗಳ ದರ್ಜೆಗೆ ಕಡಿಮೆಯಿಲ್ಲದವರು ಅಧ್ಯಕ್ಷತೆ ವಹಿಸಬೇಕು, ಬಂದವರಿಗೆಲ್ಲ ಮಾತನಾಡಲು ಅವಕಾಶ ಕೊಡಬೇಕು, ಕೊನೆಯಲ್ಲಿ ನಡವಳಿಯನ್ನು ಅಲ್ಲಿಯೇ ಓದಿ ತಿಳಿಸಬೇಕು. ಇದು ಮತದಾನವಲ್ಲ. ಊರೆಲ್ಲ ಬೇಡವೆಂದರೂ ಯೋಜನೆ ತಾನಾಗಿ ನಿಲ್ಲುವುದಿಲ್ಲ. ಆದರೆ ಆಡಿದ ಮಾತು ದಾಖಲಾಗುತ್ತದೆ, ಅದಕ್ಕೆ ಯೋಜನೆಯವರು ಉತ್ತರ ಕೊಡಬೇಕಾಗುತ್ತದೆ.

ಈ ನಿಯಮವನ್ನು ಮನೆಯಲ್ಲಿ ಓದಿ ಹೇಳಿದಾಗ ನಮ್ಮ ತಾಯಿ ಒಂದೇ ಪ್ರಶ್ನೆ ಕೇಳಿದರು: “ಹೊಲ ಇಲ್ಲದೋರ್ನೂ ಕೇಳ್ತಾರೇನಪ್ಪ?” ಕಂಡವರ ಹೊಲದಲ್ಲಿ ಕಳೆ ಕಿತ್ತು ಬೆಳೆದವರು ಅವರು. ಕೇಳುತ್ತಾರೆ ಎಂದೆ. ಮರುದಿನ ಪಾವಗಡದ ವಿಷಯ ಓದಿದ ಮೇಲೆ, ಪೂರ್ತಿ ನಿಜ ಹೇಳಲಿಲ್ಲವಲ್ಲಾ ಎನ್ನಿಸಿತು.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಗಾಲಕ್ಕೆ ಹೆಸರಾದುದು. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರವಿದ್ಯುತ್ ಉದ್ಯಾನವಿದೆ. ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಮಳೆಯನ್ನೇ ನೋಡುತ್ತ ಕುಳಿತಿದ್ದ ರೈತನಿಗೆ ಇದು ಸಣ್ಣ ಭಾಗ್ಯವಲ್ಲ. ಸ್ವಾಧೀನಕ್ಕಿಂತ ಗುತ್ತಿಗೆಯೇ ಲೇಸೆಂದು ನಾನೂ ಒಪ್ಪುತ್ತೇನೆ.

ಆದರೆ ಗುತ್ತಿಗೆಯ ಮಾತುಕತೆಗೆ ಕೂಡಬೇಕಾದರೆ ಪಹಣಿಯಲ್ಲಿ ಹೆಸರಿರಬೇಕಷ್ಟೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಪಹಣಿಯೆಲ್ಲಿ? ಬೇಲಿ ಬಿದ್ದ ಮೇಲೆ ಅವರ ಕೆಲಸ ಹೋಯಿತು, ಮೇವು ಹೋಯಿತು. ಕೆಲವರಿಗೆ ಹುಲ್ಲು ಕೀಳುವ, ಫಲಕ ತೊಳೆಯುವ, ಕಾವಲಿನ ಕೆಲಸ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಅಹವಾಲು ಸಭೆ ನಡೆದಿದ್ದರೆ ಅವರು ಎದ್ದು ಹೇಳಬಹುದಿತ್ತು. ಆದರೆ ಸೌರಫಲಕದ ಸ್ಥಾವರಗಳಿಗೆ 2006ರ ಅಧಿಸೂಚನೆ ಅನ್ವಯಿಸುವುದಿಲ್ಲ. ಹೊಗೆಯಿಲ್ಲವಾದ್ದರಿಂದ ಕೇಳುವ ಅಗತ್ಯವೂ ಇಲ್ಲವೆಂಬುದು ತರ್ಕ.

ಇದಕ್ಕೆ ಎದುರಾಗಿ ಶರಾವತಿಯನ್ನು ನೋಡಿ. ಗೇರುಸೊಪ್ಪೆಯ ಜಲಾಶಯದಿಂದ ತಲಕಳಲೆಗೆ ನೀರೆತ್ತಿ, ವಿದ್ಯುತ್ತಿನ ಬೇಡಿಕೆ ಹೆಚ್ಚಿದಾಗ ಕೆಳಗೆ ಬಿಡುವ 2,000 ಮೆಗಾವ್ಯಾಟ್ ಯೋಜನೆಯೂ ಹಸುರಿನ ಹೆಸರಿನದೇ. ಅದಕ್ಕೆ ಅಧಿಸೂಚನೆ ಅನ್ವಯಿಸುವುದರಿಂದ 2025ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಎರಡು ಜಿಲ್ಲೆಗಳಲ್ಲೂ ಅಹವಾಲು ಸಭೆಗಳಾದವು. ವಿರೋಧಿಸಿ ಮಾತನಾಡಿದವರೇ ಹೆಚ್ಚು. ಯೋಜನೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅಲ್ಲಿ ಎದ್ದು ನಿಂತವರನ್ನು ಯಾರೂ ಪಹಣಿ ಕೇಳಲಿಲ್ಲ.

ಸೌರ ಉದ್ಯಾನಕ್ಕೆ ಕಾನೂನು ವಿನಾಯಿತಿ ಕೊಟ್ಟಿದೆಯೇ ಹೊರತು ಸಭೆ ಸೇರಿಸಕೂಡದೆಂದು ಹೇಳಿಲ್ಲ. ನಮ್ಮ ಪಂಚಾಯತ್ ಕಾನೂನಿನಲ್ಲಿ ಗ್ರಾಮಸಭೆಯೂ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಗುತ್ತಿಗೆಯ ಪತ್ರಕ್ಕೆ ರುಜು ಬೀಳುವ ಮೊದಲು ಅದರ ಮುಂದೆ ಲೆಕ್ಕವಿಟ್ಟು, ಕೂಲಿಯವರಿಗೇನು, ಕುರಿಯವರಿಗೇನು ಎಂದು ಬರೆಸಿಕೊಳ್ಳಲು ಒಂದು ದಿನ ಸಾಕು. ತಾಯಿಗೆ ಇದನ್ನು ತಿದ್ದಿ ಹೇಳಿದೆ. “ಆ ದಿನದ ಕೂಲಿ ಯಾರು ಕೊಡ್ತಾರೆ?” ಎಂದರು.