ಪೌರತ್ವದ ಹೊಸ್ತಿಲಲ್ಲಿ ತೆರಿಗೆಯ ಬಾಕಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಐದು ವರ್ಷಗಳ ಕಾಲ, ಅಲ್ಲಿನ ಪ್ರಜೆಯನ್ನು ವಿವಾಹವಾಗಿ ಜೊತೆಯಲ್ಲಿ ಬಾಳುತ್ತಿದ್ದರೆ ಮೂರೇ ವರ್ಷಗಳ ಕಾಲ, ಗ್ರೀನ್ ಕಾರ್ಡನ್ನು ಪಡೆದು ನೆಲೆನಿಂತ ವ್ಯಕ್ತಿಯು ಆ ದೇಶದ ಪೌರತ್ವವನ್ನು ಅಪೇಕ್ಷಿಸಿ ಎನ್-400 ಎಂಬ ಅರ್ಜಿಯನ್ನು ತುಂಬಲು ಕುಳಿತಾಗ, ವಾಸಸ್ಥಳ, ಉದ್ಯೋಗ, ಪ್ರವಾಸ ಮೊದಲಾದ ನಿರುಪದ್ರವಿ ಪ್ರಶ್ನೆಗಳ ನಡುವೆ, ಕೇಂದ್ರಕ್ಕಾಗಲಿ ರಾಜ್ಯಕ್ಕಾಗಲಿ ಸ್ಥಳೀಯ ಆಡಳಿತಕ್ಕಾಗಲಿ ಗಡುವು ಮೀರಿದ ತೆರಿಗೆಯೇನಾದರೂ ನಿಮ್ಮಿಂದ ಸಲ್ಲಬೇಕಾಗಿದೆಯೆ ಎಂದು ಕೇಳುವ ಒಂದು ಸಾಲು ಎದುರಾಗುತ್ತದೆ. ಉತ್ತರಕ್ಕಿರುವುದು ಎರಡೇ ಚೌಕಗಳು: ಹೌದು, ಇಲ್ಲ. ಬಾಕಿಯುಳ್ಳವರ ಲೇಖನಿ ಇಲ್ಲಿ ತಡೆಯುವುದು ಸಹಜವೇ ಸರಿ.

ಪೌರತ್ವಕ್ಕೂ ಕಂದಾಯಕ್ಕೂ ಏನು ಸಂಬಂಧ? ಸಂಬಂಧವನ್ನು ಕಲ್ಪಿಸುವುದು ‘ಸಚ್ಚಾರಿತ್ರ್ಯ’ವೆಂಬ ಶಬ್ದ. 1790ರಲ್ಲಿ ಆ ದೇಶವು ಮಾಡಿಕೊಂಡ ಮೊದಲನೆಯ ಪೌರತ್ವ ಶಾಸನದಲ್ಲೇ ಈ ನಿಬಂಧನೆಯಿತ್ತು. ಅದರ ಮಗ್ಗುಲಲ್ಲೇ, ಅರ್ಜಿದಾರನು ಸ್ವತಂತ್ರನಾದ ಬಿಳಿಯನಾಗಿರತಕ್ಕದ್ದೆಂಬ ಇನ್ನೊಂದೂ ಇತ್ತು. ಅದರ ದೆಸೆಯಿಂದಲೇ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯನಿಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಪೌರತ್ವವನ್ನು ನಿರಾಕರಿಸಿತು. 1946ರ ಶಾಸನ ಬರುವ ತನಕ ನಮ್ಮವರಿಗೆ ಆ ಬಾಗಿಲು ತೆರೆಯಲಿಲ್ಲ. ವರ್ಣದ ನಿಬಂಧನೆ ಅಳಿಯಿತು, ಶೀಲದ ನಿಬಂಧನೆ ಉಳಿಯಿತು. ತೆರಿಗೆಯ ವಿಷಯದಲ್ಲಿ ಅರ್ಜಿದಾರನು ಹೇಗೆ ನಡೆದುಕೊಂಡನೆಂಬುದನ್ನು ಆ ಶೀಲದ ಒಂದು ಲಕ್ಷಣವಾಗಿ ಅಧಿಕಾರಿಗಳು ಇಂದಿಗೂ ಪರಿಗಣಿಸುತ್ತಾರೆ.

ಹಾಗೆಂದ ಮಾತ್ರಕ್ಕೆ, ಬಾಕಿಯಿದ್ದವನ ಅರ್ಜಿ ತಾನಾಗಿಯೇ ಬಿದ್ದುಹೋಗುವುದೆಂದು ಭಾವಿಸಬೇಕಾಗಿಲ್ಲ. ಋಣವೊಂದು, ಋಣವನ್ನು ಮರೆಮಾಡುವುದು ಮತ್ತೊಂದು. ಇವೆರಡರ ಅಂತರವನ್ನು ತೆರಿಗೆಯ ಕಾನೂನೇ ಅಂಕಿಗಳಲ್ಲಿ ಅಳೆದಿಟ್ಟಿದೆ. ರಿಟರ್ನನ್ನು ಸಕಾಲದಲ್ಲಿ ಸಲ್ಲಿಸಿಯೂ ಹಣವನ್ನು ಕಟ್ಟಲಾಗದವನಿಗೆ ತಿಂಗಳೊಂದಕ್ಕೆ ಬಾಕಿಯ ಶೇಕಡ 0.5ರಷ್ಟು ದಂಡ, ರಿಟರ್ನನ್ನೇ ಸಲ್ಲಿಸದೆ ಸುಮ್ಮನಿದ್ದವನಿಗೆ ಶೇಕಡ 5. ಬರಿಗೈಗಿಂತ ಮೌನವೇ ಹತ್ತು ಪಾಲು ದುಬಾರಿಯೆಂದಾಯಿತು! ಹೀಗಿರುವಲ್ಲಿ, ತೆರಿಗೆ ಇಲಾಖೆಯೊಡನೆ ಕಂತಿನ ಒಪ್ಪಂದವನ್ನು ಮಾಡಿಕೊಂಡು, ತಪ್ಪದೆ ಕಟ್ಟುತ್ತ ಬಂದಿರುವವನು ಒಪ್ಪಂದದ ಪತ್ರವನ್ನೂ ಪಾವತಿಯ ದಾಖಲೆಗಳನ್ನೂ ಮುಂದಿಟ್ಟು ‘ಹೌದು’ ಎಂಬ ಚೌಕಕ್ಕೆ ಗುರುತು ಹಾಕಿದರೆ, ಅವನ ಅರ್ಜಿ ಮಂಜೂರಾಗುವ ಅವಕಾಶ ಚೆನ್ನಾಗಿಯೇ ಇರುತ್ತದೆ. ಬಾಕಿಯು 50,000 ಡಾಲರನ್ನು ಮೀರದಿದ್ದರೆ ಇಂಥ ಕಂತನ್ನು ಆನ್‌ಲೈನಿನಲ್ಲೇ ಕೋರಬಹುದು. ಆದರೂ ಅಂತಿಮ ನಿರ್ಣಯವು ಅಧಿಕಾರಿಯ ವಿವೇಚನೆಗೆ ಸೇರಿದ್ದು. 2025ರ ಆಗಸ್ಟಿನಲ್ಲಿ ಹೊರಟ ಸುತ್ತೋಲೆಯೊಂದು ಆ ವಿವೇಚನೆಯನ್ನು ಇನ್ನಷ್ಟು ಬಿಗಿಯಾಗಿ ನಡೆಸಬೇಕೆಂದು ಹೇಳಿ, ಬಾಕಿಯನ್ನು ಪೂರ್ತಿಯಾಗಿ ತೀರಿಸಿರುವುದನ್ನು ಅರ್ಜಿದಾರನ ಪರವಾದ ಸಾಕ್ಷ್ಯಗಳ ಸಾಲಿಗೆ ಸೇರಿಸಿದೆ. ಕೈಯಲ್ಲಿ ಹಣವುಳ್ಳವನು ಕಂತನ್ನು ನೆಚ್ಚದೆ ತೀರಿಸಿಯೇ ಅರ್ಜಿ ಹಾಕುವುದು ಲೇಸು.

ನಮ್ಮ ಕನ್ನಡಿಗರು ಎಡವುವುದು ಬಹುಮಟ್ಟಿಗೆ ಸಂಬಳದ ತೆರಿಗೆಯಲ್ಲಲ್ಲ. ಅದನ್ನು ಕಂಪನಿಯವರು ಮೊದಲೇ ಮುರಿದುಕೊಂಡಿರುತ್ತಾರೆ. ತೊಡಕಿರುವುದು ಊರಿನ ಆದಾಯದಲ್ಲಿ. ಗ್ರೀನ್ ಕಾರ್ಡುಳ್ಳವನು ಪ್ರಪಂಚದ ಯಾವ ಮೂಲೆಯಲ್ಲಿ ಗಳಿಸಿದರೂ ಅದನ್ನು ಅಮೆರಿಕದ ರಿಟರ್ನಿನಲ್ಲಿ ತೋರಿಸತಕ್ಕದ್ದು: ಜಯನಗರದ ಮನೆಯ ಬಾಡಿಗೆಯನ್ನೂ, ಮೈಸೂರಿನ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಯನ್ನೂ. ಅನಿವಾಸಿ ಭಾರತೀಯರಿಗಿರುವ ಎನ್.ಆರ್.ಇ. ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲವಾದ್ದರಿಂದ ಅಲ್ಲಿಯೂ ಇರಲಾರದೆಂದು ತಿಳಿದವರು ಹಲವರು, ಅಲ್ಲಿ ಇದೆ. ಭಾರತದಲ್ಲಿ ತೆತ್ತ ಆದಾಯತೆರಿಗೆಗೆ ಅಲ್ಲಿ ವಜಾ ದೊರೆಯುತ್ತದಾದರೂ, ವಜಾ ಬೇಕಾದವನು ಮೊದಲು ಆದಾಯವನ್ನು ಹೇಳಬೇಕಲ್ಲವೆ! ಇದಲ್ಲದೆ, ವಿದೇಶೀ ಖಾತೆಗಳ ಒಟ್ಟು ಮೊತ್ತವು ವರ್ಷದ ಯಾವುದೇ ಒಂದು ದಿನ 10,000 ಡಾಲರನ್ನು ಮೀರಿದರೆ, ತೆರಿಗೆ ಬರಲಿ ಬಾರದಿರಲಿ, ಆ ಖಾತೆಗಳ ಪ್ರತ್ಯೇಕ ವರದಿಯನ್ನು ಸಲ್ಲಿಸಬೇಕು. ಅಪ್ಪನ ಹೆಸರಿನೊಂದಿಗೆ ಜಂಟಿಯಾಗಿರುವ ಖಾತೆಯೂ ಈ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ತಪ್ಪು ಜಾಣತನದ ವೇಷದಲ್ಲಿ ಬರುತ್ತದೆ. ತೆರಿಗೆಯನ್ನು ಉಳಿಸುವ ಸಲುವಾಗಿ ತಾನು ಅನಿವಾಸಿಯೆಂದು ರಿಟರ್ನಿನಲ್ಲಿ ಬರೆದುಕೊಂಡ ಗ್ರೀನ್ ಕಾರ್ಡುದಾರನು, ಕಾಯಂ ನಿವಾಸಿಯ ಹಕ್ಕುಗಳನ್ನೇ ತ್ಯಜಿಸಿದನೆಂಬ ಪೂರ್ವಭಾವನೆಗೆ ಗುರಿಯಾಗುತ್ತಾನೆ. ಅದು ಸುಳ್ಳೆಂದು ಸಾಧಿಸುವ ಹೊಣೆ ಅವನದೇ. ಹೀಗೆ ಬರೆದುಕೊಂಡದ್ದುಂಟೆ ಎಂಬ ಪ್ರಶ್ನೆಯೂ ಎನ್-400ರಲ್ಲಿದೆ.

ಮರೆವಿನ ಮೇರೆಯನ್ನು ಮೀರಿ ವಂಚನೆಗೆ ಇಳಿದವರ ಗತಿಯನ್ನು 2012ರ ಕವಾಶಿಮಾ ಪ್ರಕರಣದಲ್ಲಿ ಕಾಣಬಹುದು. 1984ರಿಂದ ಕಾಯಂ ನಿವಾಸಿಗಳಾಗಿದ್ದ ಜಪಾನೀ ದಂಪತಿಗಳು, ಸುಳ್ಳು ರಿಟರ್ನಿಗೆ ಸಂಬಂಧಿಸಿದ ಅಪರಾಧಗಳನ್ನು ಒಪ್ಪಿಕೊಂಡಿದ್ದರು. ಸರ್ಕಾರಕ್ಕೆ ಆದ ನಷ್ಟ 10,000 ಡಾಲರನ್ನು ಮೀರಿತ್ತಾದ್ದರಿಂದ, ಇಬ್ಬರನ್ನೂ ದೇಶದಿಂದ ಹೊರಹಾಕಬಹುದೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಇಂಥ ಅಪರಾಧವು 1990ರ ನವೆಂಬರ್ 29ರಿಂದೀಚೆಗೆ ಸಾಬೀತಾಗಿದ್ದರೆ ಪೌರತ್ವದ ದಾರಿ ಶಾಶ್ವತವಾಗಿ ಮುಚ್ಚಿದಂತೆಯೇ. ಬೇಕೆಂದೇ ಆದಾಯವನ್ನು ಬಚ್ಚಿಟ್ಟವನು ಅರ್ಜಿಯನ್ನು ಮುಟ್ಟುವ ಮೊದಲು ವಕೀಲನ ಮನೆಯ ಮೆಟ್ಟಿಲನ್ನು ಹತ್ತಬೇಕು. ಬರಿಯ ಅಜ್ಞಾನದಿಂದ ತಪ್ಪಿದವನಿಗೆ ತಿದ್ದುಪಡಿ ರಿಟರ್ನನ್ನು ಸಲ್ಲಿಸುವ ಮಾರ್ಗವುಂಟು. ಅಧಿಕಾರಿಯು ತಪ್ಪನ್ನು ಹುಡುಕಿ ತೆಗೆಯುವ ಮೊದಲೇ ಅದು ನಡೆದಿರಬೇಕೆಂಬುದಷ್ಟೇ ಮುಖ್ಯ. ಸಂದರ್ಶನದಲ್ಲಿ ಪ್ರಮಾಣಪೂರ್ವಕವಾಗಿ ಸುಳ್ಳಾಡಿದರಂತೂ, ಬಾಕಿ ನೂರು ಡಾಲರಾಗಿದ್ದರೂ, ಆ ಸುಳ್ಳೇ ಪ್ರತ್ಯೇಕವಾದೊಂದು ದೋಷ.

ಪೌರತ್ವ ದೊರೆತೊಡನೆ ಕಥೆ ಮುಗಿಯಿತೆಂದುಕೊಳ್ಳುವವರು ಪಾಸ್‌ಪೋರ್ಟಿನ ವಿಷಯವನ್ನೂ ತಿಳಿದಿರಬೇಕು. 2015ರ ಶಾಸನವೊಂದರ ಮೇರೆಗೆ, ಗೊತ್ತುಪಡಿಸಿದ ಮಿತಿಯನ್ನು (ಮೊದಲು 50,000 ಡಾಲರಾಗಿದ್ದ ಇದು ಬೆಲೆಯೇರಿಕೆಗನುಸಾರ ವರ್ಷವರ್ಷವೂ ಏರುತ್ತದೆ) ಮೀರಿದ, ವಸೂಲಿಯ ಕ್ರಮ ಆರಂಭವಾಗಿರುವ ಬಾಕಿಯುಳ್ಳ ಪ್ರಜೆಗೆ ಸರ್ಕಾರವು ಪಾಸ್‌ಪೋರ್ಟನ್ನು ನಿರಾಕರಿಸಬಹುದು. ಕಂತಿನ ಒಪ್ಪಂದವನ್ನು ನಡೆಸುತ್ತಿರುವವನಿಗೆ ಇಲ್ಲಿಯೂ ವಿನಾಯಿತಿಯಿದೆ. ಇತ್ತ, ಭಾರತದ 1955ರ ಪೌರತ್ವ ಕಾಯಿದೆಯ ಒಂಬತ್ತನೆಯ ಪ್ರಕರಣದಂತೆ, ಅನ್ಯದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಸ್ವೀಕರಿಸಿದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಹಳೆಯ ಪಾಸ್‌ಪೋರ್ಟನ್ನು ಅವನು ಒಪ್ಪಿಸಿಬಿಡಬೇಕು. ಆ ಬಳಿಕ ಹೊಸದನ್ನೂ ತೆರಿಗೆಯ ಬಾಕಿ ತಡೆಹಿಡಿದರೆ, ಊರಿನಲ್ಲಿರುವ ತಾಯಿಯನ್ನು ಕಾಣಲು ಹೊರಟವನ ಕೈಯಲ್ಲಿ ಯಾವ ದೇಶದ ಪಾಸ್‌ಪೋರ್ಟೂ ಇರುವುದಿಲ್ಲ.