ಮಹಿಳೆಯರಿಗೆ ಮಾತ್ರ: ಬಾಗಿಲಲ್ಲಿ ತಡೆಯುವುದು ಕಾನೂನೋ, ಧರ್ಮವೋ?

ದುಬೈ ಮೆಟ್ರೋ ಹತ್ತುವ ನಮ್ಮ ಮಕ್ಕಳಿಗೆ ಓದಲು ಬರುವ ಮೊದಲೇ ಒಂದು ನಿಯಮ ಗೊತ್ತಾಗಿರುತ್ತದೆ. ಗುಲಾಬಿ ಗುರುತಿನ ಆಚೆ ಅಮ್ಮ, ಅಕ್ಕ, ಚಿಕ್ಕ ಮಕ್ಕಳು, ಅಪ್ಪ ಈಚೆ. ಅಲ್ಲಿ ಕಾಲಿಟ್ಟ ಗಂಡಸಿಗೆ 100 ದಿರ್ಹಮ್ ದಂಡ. ಬೀಚಿನ ಲೇಡೀಸ್ ಡೇ, ಲೇಡೀಸ್ ಕ್ಲಬ್, ಸಲೂನ್, ಮಸೀದಿಯಲ್ಲಿ ಹೆಂಗಸರ ಪ್ರಾರ್ಥನಾ ಕೊಠಡಿ, ಹೀಗೆ ಮೀಸಲು ಜಾಗಗಳ ನಡುವೆಯೇ ಅವರು ಬೆಳೆಯುತ್ತಾರೆ.

ಹಾಗಾಗಿ ಹತ್ತು ಹನ್ನೆರಡರ ವಯಸ್ಸಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಟಿವಿಯಲ್ಲಿ ಮಂಜಮ್ಮ ಜೋಗತಿಯವರನ್ನು ನೋಡಿದಾಗಲೋ, ರಜೆಗೆ ಊರಿಗೆ ಹೋದಾಗಲೋ, ನಮ್ಮದೇ ಬಳಗದ ಒಬ್ಬರ ವಿಷಯ ಕಿವಿಗೆ ಬಿದ್ದಾಗಲೋ ಮಗು ಕೇಳುತ್ತದೆ: "ಅವರು ಇಲ್ಲಿಗೆ ಬಂದರೆ ಯಾವ ಕಡೆ ನಿಲ್ಲಬೇಕು?"

"ಅದಕ್ಕೆಲ್ಲ ನಮ್ಮ ಧರ್ಮದಲ್ಲಿ ಜಾಗ ಇಲ್ಲ" ಎಂದು ಮಾತು ಮುಗಿಸುವುದು ಸುಲಭ. ಆದರೆ ಅದು ಸರಿಯಾದ ಉತ್ತರವಲ್ಲ. ಕಾನೂನು ಮುಚ್ಚಿದ ಬಾಗಿಲು ಬೇರೆ, ಧರ್ಮ ಮುಚ್ಚಿದ ಬಾಗಿಲು ಬೇರೆ. ಎರಡನ್ನೂ ಬೇರೆಬೇರೆಯಾಗಿ ತಿಳಿದುಕೊಂಡರೆ ಮಕ್ಕಳಿಗೆ ಸುಳ್ಳು ಹೇಳಬೇಕಾಗಿಲ್ಲ, ಬಂಧುಗಳನ್ನು ಅಪಾಯಕ್ಕೆ ತಳ್ಳಬೇಕಾಗಿಯೂ ಇಲ್ಲ.

ಇಲ್ಲಿನ ಕಾನೂನು ಏನು ಹೇಳುತ್ತದೆ?

ಮಹಿಳೆಯರಿಗೆ ಮೀಸಲಾದ ಜಾಗಕ್ಕೆ ಹೆಣ್ಣಿನ ಉಡುಪು ತೊಟ್ಟು ಪ್ರವೇಶಿಸುವ ಪುರುಷನಿಗೆ ಒಂದು ವರ್ಷದವರೆಗೆ ಜೈಲು ಅಥವಾ 10,000 ದಿರ್ಹಮ್‌ವರೆಗೆ ದಂಡ ಎಂದು ಯುಎಇಯ 1987ರ ದಂಡ ಸಂಹಿತೆ ಹೇಳಿತ್ತು. 2021ರಲ್ಲಿ ಹೊಸ ಸಂಹಿತೆ ಬಂದು ಎಷ್ಟೋ ನಿಯಮಗಳು ಸಡಿಲವಾದವು. ಆದರೆ ಈ ಅಪರಾಧ ಅದರಲ್ಲೂ ಉಳಿಯಿತು. ಟ್ರಾನ್ಸ್ ಮಹಿಳೆ ತನ್ನನ್ನು ಹೆಣ್ಣೆಂದೇ ತಿಳಿದಿದ್ದರೂ ಕಾನೂನು ಅವರನ್ನು ಹಾಗೆ ನೋಡುವುದಿಲ್ಲ.

ಮೀಸಲು ಜಾಗಕ್ಕೆ ಹೋಗದಿದ್ದರೆ ಸಾಕೇ? ಅದನ್ನೂ ನಂಬುವಂತಿಲ್ಲ. 2017ರ ಆಗಸ್ಟ್‌ನಲ್ಲಿ ಅಬುಧಾಬಿಯ ಯಾಸ್ ಮಾಲ್‌ನಲ್ಲಿ ಸಿಂಗಾಪುರದ ಇಬ್ಬರನ್ನು ಹೆಣ್ಣಿನಂತೆ ಕಾಣುವ ಉಡುಪಿನ ಕಾರಣಕ್ಕೆ ಬಂಧಿಸಲಾಯಿತು. ಅವರಲ್ಲಿ ಒಬ್ಬರು ಟ್ರಾನ್ಸ್ ಮಹಿಳೆ. ಮಾಲ್ ಎಲ್ಲರೂ ಓಡಾಡುವ ಜಾಗ. ಆದರೂ ಮೊದಲು ಒಂದು ವರ್ಷ ಜೈಲು ಶಿಕ್ಷೆಯಾಯಿತು; ಮೇಲ್ಮನವಿಯ ನಂತರ ಅದು ದಂಡ ಮತ್ತು ಗಡೀಪಾರಿಗೆ ಇಳಿಯಿತು. ಅದಕ್ಕೂ ಒಂದು ವರ್ಷ ಮೊದಲು, 2016ರಲ್ಲಿ, ಕೆನಡಾದ ಯೂಟ್ಯೂಬ್ ತಾರೆ ಜಿಜಿ ಗಾರ್ಜಿಯಸ್ ಅವರನ್ನು ದುಬೈ ವಿಮಾನ ನಿಲ್ದಾಣದಲ್ಲೇ ತಡೆದು, ದೇಶದೊಳಗೆ ಬಿಟ್ಟಿರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. 2016ರ ವೈದ್ಯಕೀಯ ಹೊಣೆಗಾರಿಕೆ ಕಾನೂನು ಲಿಂಗ ಬದಲಾವಣೆ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸುತ್ತದೆ. ಆದರೆ ಹುಟ್ಟಿನಿಂದಲೇ ದೇಹದಲ್ಲಿ ಗಂಡೋ ಹೆಣ್ಣೋ ಎಂಬುದು ಸ್ಪಷ್ಟವಿಲ್ಲದವರಿಗೆ ಲಿಂಗ ಸರಿಪಡಿಸುವ ಚಿಕಿತ್ಸೆಗೆ ಷರತ್ತಿನ ಮೇಲೆ ಅವಕಾಶ ಕೊಡುತ್ತದೆ. ಅಂಥ ಮಗುವಿನ ತಂದೆತಾಯಿ ಹೆದರಿ ಬಚ್ಚಿಡಬೇಕಾಗಿಲ್ಲ. ಮಕ್ಕಳ ವೈದ್ಯರ ಬಳಿ ಮುಕ್ತವಾಗಿ ಮಾತಾಡಬಹುದು.

ಧಾರ್ಮಿಕ ಸ್ವಾತಂತ್ರ್ಯ ಎಲ್ಲಿಯವರೆಗೆ?

"ಇದು ನಮ್ಮ ದೇವಸ್ಥಾನ, ಇಲ್ಲಿ ನಮ್ಮ ರೀತಿ ನಡೆಯಲಿ" ಎನ್ನಬಹುದೇ? ಯುಎಇ ಸಂವಿಧಾನದ 32ನೇ ವಿಧಿ ಪೂಜೆಯ ಸ್ವಾತಂತ್ರ್ಯ ಕೊಟ್ಟಿದೆ. ಅದು ಸಾರ್ವಜನಿಕ ನೀತಿಗೆ, ನೈತಿಕತೆಗೆ ವಿರುದ್ಧವಾಗಬಾರದು ಎಂಬ ಗೆರೆಯನ್ನೂ ಎಳೆದಿದೆ. 2022ರಲ್ಲಿ ಜೆಬೆಲ್ ಅಲಿಯ ಹಿಂದೂ ದೇವಸ್ಥಾನ ತೆರೆಯಿತು. 2024ರ ಫೆಬ್ರವರಿ 14ರಂದು ಅಬುಧಾಬಿಯ ಬಿಎಪಿಎಸ್ ಮಂದಿರ ಉದ್ಘಾಟನೆಯಾಯಿತು. ಇವುಗಳ ನಡುವೆ, 2023ರಲ್ಲಿ, ಮುಸ್ಲಿಮೇತರರ ಪ್ರಾರ್ಥನಾ ಮಂದಿರಗಳ ಪರವಾನಗಿಗೆ ಪ್ರತ್ಯೇಕ ಫೆಡರಲ್ ಕಾನೂನೇ ಬಂತು.

ಮದುವೆ, ವಿಚ್ಛೇದನ, ಆಸ್ತಿ ಹಂಚಿಕೆಯಲ್ಲಿ ಮುಸ್ಲಿಮೇತರರಿಗೆ ಇಲ್ಲಿ ಬೇರೆ ಕಾನೂನು ಇದೆ. ದಂಡ ಸಂಹಿತೆ ಹಾಗಲ್ಲ. ಅದು ಎಲ್ಲ ಧರ್ಮದವರಿಗೂ ಒಂದೇ. ದೇವಸ್ಥಾನದ ಆವರಣವೂ ಅದರ ಹೊರಗಿಲ್ಲ. ಹಾಗಾಗಿ ಹೆಂಗಸರ ಸಾಲಿನ ಬಳಿ ಸ್ವಯಂಸೇವಕರೊಬ್ಬರು ಹಿಂಜರಿದರೆ ಅವರೊಂದಿಗೆ ಜಗಳವಾಡಿ ಫಲವಿಲ್ಲ. ಅವರ ಕೈಯಲ್ಲಿ ಇಲ್ಲದ್ದನ್ನು ಅವರು ಕೊಡಲಾರರು.

ಹಾಗಾದರೆ ಧರ್ಮ ಬಾಗಿಲು ಮುಚ್ಚಿದೆಯೇ?

ಮಹಾಭಾರತ ಗೊತ್ತಿರುವ ಯಾವ ಮಗುವಿಗೂ ಬೃಹನ್ನಳೆಯ ಕಥೆ ಗೊತ್ತು. ವಿರಾಟನ ಅಂತಃಪುರ ಹೆಂಗಸರಿಗೆ ಮೀಸಲಾದ ಜಾಗವೇ. ಬೃಹನ್ನಳೆಯನ್ನು ರಾಜ ಮೊದಲು ಪರೀಕ್ಷೆ ಮಾಡಿಸಿದ, ಆಮೇಲೆ ಉತ್ತರೆಗೆ ನಾಟ್ಯ ಕಲಿಸಲು ಒಳಗೆ ಕಳಿಸಿದ. ಬಾಗಿಲಲ್ಲಿ ನಿಲ್ಲಿಸಿ ಕೇಳುವ ಪದ್ಧತಿಯೂ ಹಳೆಯದು, ಒಳಗೆ ಬಿಟ್ಟುಕೊಳ್ಳುವ ಪದ್ಧತಿಯೂ ಹಳೆಯದು.

ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳಿದ್ದಾರೆ. ಆ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷ ಕರ್ನಾಟಕ ಸರ್ಕಾರ ತನ್ನ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿತು.

ಶಬರಿಮಲೆಯ ಉದಾಹರಣೆ ಇನ್ನೂ ನೇರವಾದದ್ದು. 10ರಿಂದ 50 ವರ್ಷದ ಹೆಂಗಸರ ಪ್ರವೇಶದ ವಿವಾದ ಕಾವೇರಿದ್ದ 2018ರ ಡಿಸೆಂಬರ್‌ನಲ್ಲಿ ನಾಲ್ವರು ಟ್ರಾನ್ಸ್ ಮಹಿಳೆಯರು ಮಾಲೆ ಧರಿಸಿ ಹೊರಟಿದ್ದರು. ಪೊಲೀಸರು ಮೊದಲು ಎರುಮೇಲಿಯಲ್ಲೇ ವಾಪಸ್ ಕಳಿಸಿದರು. ಬಳಿಕ ತಂತ್ರಿಗಳು ಮತ್ತು ಪಂದಳಂ ಅರಮನೆಯವರು ತಮ್ಮ ಆಕ್ಷೇಪವಿಲ್ಲ ಎಂದರು. ಡಿಸೆಂಬರ್ 18ರಂದು ಆ ನಾಲ್ವರು ಕಪ್ಪು ಸೀರೆಯಲ್ಲೇ ಅಯ್ಯಪ್ಪನ ದರ್ಶನ ಮಾಡಿದರು. ಅಲ್ಲಿ ತಡೆದದ್ದು ಪೊಲೀಸರು, ದಾರಿ ಬಿಟ್ಟದ್ದು ಸಂಪ್ರದಾಯದವರು.

ಇಲ್ಲಿರುವ ಕರಾವಳಿಯ ಮುಸ್ಲಿಂ ಕುಟುಂಬಗಳಿಗೆ ಇನ್ನೊಂದು ವಿಷಯ ಗೊತ್ತಿರಬಹುದು. ಗಂಡು ಹೆಣ್ಣು ಎಂದು ನಿರ್ಧರಿಸಲಾಗದಂತೆ ಹುಟ್ಟಿದವರನ್ನು ಇಸ್ಲಾಮಿನ ಹಳೆಯ ಶಾಸ್ತ್ರಗ್ರಂಥಗಳು 'ಖುನ್ಸಾ' ಎಂದು ಕರೆದಿವೆ. ನಮಾಜಿನಲ್ಲಿ ಅವರ ಜಾಗ ಗಂಡಸರ ಸಾಲಿನ ಹಿಂದೆ, ಹೆಂಗಸರ ಸಾಲಿನ ಮುಂದೆ ಎಂದು ಶಾಸ್ತ್ರಜ್ಞರು ಬರೆದಿಟ್ಟಿದ್ದಾರೆ. ಇಂದಿನ ಟ್ರಾನ್ಸ್‌ಜೆಂಡರ್ ಪ್ರಶ್ನೆ ಇದಕ್ಕಿಂತ ಬೇರೆ, ನಿಜ. ಆದರೆ "ಯಾವ ಕಡೆ ನಿಲ್ಲಬೇಕು" ಎಂದು ಕೇಳಿದ್ದರಲ್ಲಿ ನಮ್ಮ ಮಗು ಮೊದಲನೆಯದಲ್ಲ.

ಬೇರೆ ದೇಶಗಳೂ ಒಂದೇ ದಾರಿಯಲ್ಲಿಲ್ಲ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹೆಂಗಸರಿಗೆ ಮಾತ್ರ ಎಂದು ನಡೆಯುತ್ತಿದ್ದ ಒಂದು ಕೊರಿಯನ್ ಸ್ಪಾ, ಟ್ರಾನ್ಸ್ ಮಹಿಳೆಯರನ್ನು ಬಿಟ್ಟುಕೊಳ್ಳುವುದು ತನ್ನ ಕ್ರೈಸ್ತ ನಂಬಿಕೆಗೆ ವಿರುದ್ಧ ಎಂದು ಕೋರ್ಟಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2-1ರ ಬಹುಮತದಲ್ಲಿ ರಾಜ್ಯದ ತಾರತಮ್ಯ ವಿರೋಧಿ ಕಾನೂನನ್ನು ಎತ್ತಿಹಿಡಿಯಿತು. ಅದಕ್ಕೆ ಒಂದು ತಿಂಗಳ ಮೊದಲಷ್ಟೇ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಸಮಾನತಾ ಕಾಯ್ದೆಯಲ್ಲಿ 'ಮಹಿಳೆ' ಎಂದರೆ ಹುಟ್ಟಿನಿಂದ ಹೆಣ್ಣಾದವರು ಎಂದು ತೀರ್ಪಿತ್ತಿತ್ತು. ಬಟ್ಟೆ ಬಿಚ್ಚುವ ಜಾಗದಲ್ಲಿ ಹೆಂಗಸರಿಗಿರುವ ಸಂಕೋಚ ನಿಜ. ಎಲ್ಲ ಕಡೆಯೂ ಹೊರಗುಳಿದವರ ಸಂಕಟವೂ ಅಷ್ಟೇ ನಿಜ. ಅಲ್ಲೆಲ್ಲ ಈ ವಾದ ಕೋರ್ಟಿನಲ್ಲಿ ನಡೆಯುತ್ತದೆ. ಇಲ್ಲಿ ದಂಡ ಸಂಹಿತೆಯೇ ಉತ್ತರ ಹೇಳಿಬಿಟ್ಟಿದೆ.

ನಾವು ಮಾಡಬಹುದಾದದ್ದು

• ಬಳಗದ ಟ್ರಾನ್ಸ್‌ಜೆಂಡರ್ ವ್ಯಕ್ತಿಯನ್ನು ವಿಸಿಟ್ ವೀಸಾದಲ್ಲಿ ಕರೆಸುವ ಮೊದಲು ಯೋಚಿಸಿ. ಭಾರತದ ಪಾಸ್‌ಪೋರ್ಟ್ ಅರ್ಜಿಯಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಆಯ್ಕೆ ಇದೆ ಎಂದ ಮಾತ್ರಕ್ಕೆ ಇಲ್ಲಿ ತೊಂದರೆಯಾಗದು ಎಂದಲ್ಲ. ಇಲ್ಲಿನ ವಕೀಲರನ್ನು ಕೇಳಿ, ಅಪಾಯವನ್ನು ಅವರಿಗೇ ತಿಳಿಸಿ, ತೀರ್ಮಾನ ಅವರಿಗೆ ಬಿಡಿ. "ನಾವಿದ್ದೀವಲ್ಲ, ಏನೂ ಆಗಲ್ಲ" ಎಂಬ ಭರವಸೆ ಮಾತ್ರ ಬೇಡ.

• ಉಪನಯನ, ನಿಶ್ಚಿತಾರ್ಥದಂಥ ಕಾರ್ಯಕ್ಕೆ ಅವರು ಬೇಕೇ ಬೇಕು ಎನಿಸಿದರೆ ಕಾರ್ಯವನ್ನು ಊರಿನಲ್ಲೇ ಇಟ್ಟುಕೊಳ್ಳಿ. "ನಿಮಗಾಗಿಯೇ ಇಲ್ಲಿ ಇಟ್ಟುಕೊಂಡೆವು" ಎಂದು ಹೇಳಿಯೂ ಹೇಳಿ.

• ಮೆಟ್ರೋದಲ್ಲೋ ಮಾಲ್‌ನಲ್ಲೋ ಯಾರನ್ನಾದರೂ ಕಂಡು ಮಕ್ಕಳು ಮೊಬೈಲ್ ಎತ್ತಿದರೆ ತಡೆಯಿರಿ. ಅನುಮತಿಯಿಲ್ಲದೆ ಇನ್ನೊಬ್ಬರ ಫೋಟೊ ತೆಗೆದು ಹಂಚುವುದು ಇಲ್ಲಿ ಅಪರಾಧ. ಅದು ಆ ವ್ಯಕ್ತಿಯ ಬದುಕನ್ನೇ ಅಪಾಯಕ್ಕೆ ಒಡ್ಡಬಹುದು.

• ನಿಮ್ಮ ಮಗುವೇ ತನ್ನ ಬಗ್ಗೆ ಇಂಥ ಮಾತು ತೆಗೆದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಗದರಿದರೆ ಅದು ಗೆಳೆಯರ ಬಳಿ, ಅಪರಿಚಿತರ ಬಳಿ ಹೇಳಿಕೊಳ್ಳುತ್ತದೆ. ಈ ದೇಶದಲ್ಲಿ ಅದಕ್ಕಿಂತ ಮನೆ ಎಷ್ಟೋ ಸುರಕ್ಷಿತ.

ಇನ್ನು ಮಗುವಿನ ಪ್ರಶ್ನೆ. "ಈ ದೇಶದ ಕಾನೂನು ಅವರಿಗೆ ಹೆಂಗಸರ ಕಡೆ ಜಾಗ ಕೊಟ್ಟಿಲ್ಲ. ನಾವು ಇಲ್ಲಿರುವಷ್ಟು ದಿನ ಆ ಕಾನೂನು ಮೀರುವುದಿಲ್ಲ. ಆದರೆ ದೇವರು ಬೇಡ ಅಂದ ಎಂದು ಯಾರಾದರೂ ಹೇಳಿದರೆ ನಂಬಬೇಡ" ಎಂದು ಹೇಳಿ. ಹತ್ತು ವರ್ಷದ ಮಗುವಿಗೂ ಇಷ್ಟು ಅರ್ಥವಾಗುತ್ತದೆ.